ಅತ್ತೆಯ ವಾಕರ್ ಕೆಳಗಿನ ನಿಂಬೆಗಿಡ

ಬಾವಿ ಇದೆ, ಇರಲಿ. ಬಾವಿ ಅಂದ ಕೂಡಲೇ ಬಿಚ್ಚುಗೂದಲು, ಹಿಂದೆ ತಿರುಗಿದ ಪಾದ ಅಂತ ಕಣ್ಣರಳಿಸಬೇಡಿ. ಆ ಬಾವಿಗೆ ಕಾಂಕ್ರೀಟ್ ಮುಚ್ಚಳ ಹಾಕಿ ಎಷ್ಟೋ ವರ್ಷ ಆಯ್ತು, ಈಗ ಅದರ ಮೇಲೆ ಸ್ಕೂಟರ್ ನಿಲ್ಲಿಸ್ತಾರೆ. ರಾತ್ರಿ ಒಂದೂವರೆಗೆ ನಾನು ಅದನ್ನ ದಾಟಿ ಹೋಗ್ತಾ ಇದ್ದೆ. ಬಾವಿಯಿಂದ ಏನೂ ಬರಲಿಲ್ಲ. ಬಂದಿದ್ದು ಎದುರಿಗಿದ್ದ ನನ್ನ ತಂಗಿ ಮನೆಯ ಕಿಟಕಿಯಿಂದ... ನೇರಳೆ ಬೆಳಕು. ಅದು ಮಿಣುಕ್ತಾ ಇತ್ತು.

ಹತ್ತು ನಿಮಿಷ ಮುಂಚೆ ಅವಳೇ ಫೋನ್ ಮಾಡಿದ್ದಳು. ಬರೀ ಪಿಸುಮಾತು.

"ಅಣ್ಣಾ... ಬಾ."

"ಏನಾಯ್ತೇ?"

"ಟೆಸ್ಟರ್ ತಗೊಂಡು ಬಾ."

ಅಷ್ಟೇ. ಫೋನ್ ಇಟ್ಟುಬಿಟ್ಟಳು. ನಾನು ಇಪ್ಪತ್ತೆರಡು ವರ್ಷದಿಂದ ವೈರಿಂಗ್ ಮಾಡೋನು. ಅರ್ಧ ರಾತ್ರಿಯಲ್ಲಿ ಟೆಸ್ಟರ್ ಬೇಕು ಅಂದರೆ ಏನರ್ಥ ಅಂತ ಗೊತ್ತು. ಯಾರ ಪ್ರತಾಪ ಅಂತಲೂ ಗೊತ್ತು.

ನಮ್ಮ ಪ್ರೊಫೆಸರ್ ಬಗ್ಗೆ ಹೇಳದೆ ಕತೆ ಮುಂದಕ್ಕೆ ಹೋಗಲ್ಲ. ತಂಗಿ ಗಂಡ. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ, ಪರದೆ ಬಟ್ಟೆ ಮಾರ್ತಾನೆ. ಜನರ ಮನೆಗೆ ಬಿಸಿಲು ಬರದ ಹಾಗೆ ಮಾಡೋದೇ ಅವನ ಕಸುಬು. ಫೋನಲ್ಲಿ ಅರ್ಧ ವಿಡಿಯೋ ನೋಡಿದರೆ ಒಂದೂವರೆ ಗಂಟೆ ಪಾಠ ಮಾಡ್ತಾನೆ. ಅದಕ್ಕೇ ಪ್ರೊಫೆಸರ್ ಅಂತ ಹೆಸರಿಟ್ಟಿದ್ದು. ಪಾಪ, ಅದನ್ನ ಹೊಗಳಿಕೆ ಅಂದುಕೊಂಡಿದ್ದಾನೆ.

ಅವನ ತಾಯಿ ಕೊನೇ ಮೂರು ವರ್ಷ ಆ ನೆಲಮಹಡಿ ಮನೆಯಿಂದ ಹೊರಗೆ ಕಾಲಿಟ್ಟಿರಲಿಲ್ಲ. ವಾಕರ್ ಹಿಡಿದು ಒಳಗೊಳಗೇ ಓಡಾಟ. ಟಕ್... ಸರ್, ಸರ್. ಟಕ್... ಸರ್, ಸರ್. ಆಕೆಯ ರೂಮಿನ ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ, ಕೈ ಚಾಚಿದರೆ ಸಿಗುತ್ತೆ. ಆ ಕತ್ತಲಲ್ಲೇ ಕೂತು ಒಂದು ಸಿಮೆಂಟ್ ಕುಂಡದಲ್ಲಿ ನಿಂಬೆಬೀಜ ಊರಿ, ಮೊಣಕಾಲೆತ್ತರ ಬೆಳೆಸಿದ್ದರು. ನಮಗೆ ಚಿಕ್ಕಂದಿನಲ್ಲೇ ತಾಯಿ ಹೋದಳು. ನನ್ನ ತಂಗಿಗೆ ಅತ್ತೆನೇ ಅಮ್ಮ. ಸಾಯೋ ಮುಂಚೆ ಆಕೆ ಇವಳ ಕೈ ಹಿಡಿದು ಒಂದೇ ಮಾತು ಹೇಳಿದ್ದು:

"ನನ್ನನ್ನಂತೂ ಯಾರೂ ಮೇಲಕ್ಕೆ ಕರ್ಕೊಂಡು ಹೋಗ್ಲಿಲ್ಲ. ಇದನ್ನಾದ್ರೂ ಬಿಸಿಲಿಗೆ ಇಡು, ಮಗಾ."

ಇವಳು ಹೂಂ ಅಂದಳು. ಆ ಕುಂಡವೋ ಇಬ್ಬರು ಗಂಡಸರು ಉಸಿರು ಬಿಗಿಹಿಡಿದು ಎತ್ತಬೇಕು, ಅಷ್ಟು ಭಾರ. ಭಾನುವಾರ ಬರ್ತೀನಿ, ನೀನೊಂದು ಕಡೆ ಹಿಡಿ, ಟೆರೇಸಿಗೆ ಸಾಗಿಸೋಣ ಅಂದೆ ಪ್ರೊಫೆಸರಿಗೆ.

"ಮೂರು ಮಹಡಿನಾ? ಬಿಸಿಲಿದ್ದ ಕಡೆ ಗಿಡ ಯಾಕೆ ಹೊರಬೇಕು ಭಾವ? ಬಿಸಿಲನ್ನೇ ಮನೆಗೆ ತರ್ತೀನಿ. ಗಿಡಕ್ಕೆ ಬೇಕಾಗಿರೋದು ಕೆಂಪು, ನೀಲಿ ಎರಡೇ. ಮಿಕ್ಕಿದ್ದೆಲ್ಲ ವೇಸ್ಟು."

ಸೂರ್ಯ ಕೇಳಿಸಿಕೊಂಡಿದ್ದರೆ ನಾಚಿಕೊಳ್ತಿದ್ದ.

ಕುಂಡ ಮೇಲಕ್ಕೆ ಸಾಗಿಸೋಕೆ ಒಂದು ಗಂಟೆ ಸಾಕಾಗಿತ್ತು. ಈ ಮಹಾಶಯ ಲೈಟ್ ಕಟ್ಟೋಕೆ ಎರಡು ವಾರ ತಗೊಂಡ. ಎಲ್ಇಡಿ ಪಟ್ಟಿ ತಂದ. ಕೆಟ್ಟುಹೋದ ಯಾವುದೋ ದೊಡ್ಡ ಬಲ್ಬಿನ ಹೊಟ್ಟೆ ಬಗೆದು ಅದರ ಡ್ರೈವರ್, ಅಂದರೆ ಎಲ್ಇಡಿಗೆ ಕರೆಂಟು ಹದ ಮಾಡಿ ಕೊಡೋ ಸಣ್ಣ ಬೋರ್ಡು, ಕಿತ್ತ. ಅಂಥ ಅಗ್ಗದ ಡ್ರೈವರಿನಲ್ಲಿ ಮೇನ್ ಲೈನಿನ ಕರೆಂಟು ನೇರ ಪಟ್ಟಿಗೇ ಹರಿಯುತ್ತೆ, ಕೈ ಸೋಕಿದರೆ ಮುಗೀತು. ಎಲ್ಇಡಿ ಕಾಯುತ್ತೆ, ಆ ಬಿಸಿ ಎಳೆಯೋಕೆ ಅಲ್ಯೂಮಿನಿಯಂ ಮೇಲೆ ಅಂಟಿಸಬೇಕು. ಸರಿ, ಅಲ್ಯೂಮಿನಿಯಂ ಎಲ್ಲಿಂದ ತಂದ?

ಹೆತ್ತ ತಾಯಿಯ ವಾಕರ್. ಆಕೆ ಸತ್ತು ಐದು ತಿಂಗಳೂ ಆಗಿರಲಿಲ್ಲ. ಕುಂಡದ ಮೇಲೆ ನಾಲ್ಕು ಕಾಲು ಅಗಲಿಸಿ ನಿಲ್ಲಿಸಿ, ಅಡ್ಡಪಟ್ಟಿಗಳ ಅಡಿಗೆ ಎಲ್ಇಡಿ ಅಂಟಿಸಿದ. ಬೆಸುಗೆಯೋ, ಹಕ್ಕಿ ಹಿಕ್ಕೆ ಹಾಕಿದ ಹಾಗಿತ್ತು. ಟೇಪಿಲ್ಲ, ಏನಿಲ್ಲ.

"ಅರ್ತಿಂಗ್ ಎಲ್ಲಯ್ಯಾ?" ಅಂದೆ.

"ಎಲ್ಇಡಿಗೆ ಯಾರು ಭಾವ ಅರ್ತಿಂಗ್ ಕೊಡ್ತಾರೆ?" ಅಂತ ನಕ್ಕ.

ಆವತ್ತೇ ಅದನ್ನ ಮುರಿದು ಬಿಸಾಕಬೇಕಿತ್ತು. ನಾನು ಮುಖ ಊದಿಸಿಕೊಂಡು ಮನೆಗೆ ಬಂದೆ. ಅದೊಂದು ನನ್ನ ತಪ್ಪು, ಒಪ್ಕೋತೀನಿ.

ಆ ರಾತ್ರಿಗೆ ಬನ್ನಿ. ಅವರ ಮನೆ ಕೀ ಒಂದು ಯಾವಾಗಲೂ ನನ್ನ ಹತ್ತಿರ ಇರುತ್ತೆ. ಬಾಗಿಲು ತೆಗೆದೆ. ಹಾಲಿನ ನೆಲದ ಮೇಲೆ ತಂಗಿ ಕೂತಿದ್ದಾಳೆ. ಬರಿಗಾಲು. ಪಕ್ಕದಲ್ಲಿ ನೀರಿನ ಚೊಂಬು ಉರುಳಿದೆ, ಸೀರೆಯೆಲ್ಲ ಒದ್ದೆ. ಅವಳೆದುರಿಗೆ, ರೂಮಿನ ಬಾಗಿಲಿಗೆ ಅಡ್ಡಲಾಗಿ, ವಾಕರ್ ನಿಂತಿದೆ. ನೇರಳೆ ಬೆಳಕು ಉರೀತಿದೆ. ಕುಂಡ ಹಿಂದೆ, ರೂಮಿನ ಮೂಲೆಯಲ್ಲೇ ಇದೆ.

"ಇದನ್ನ ಯಾರು ಇಲ್ಲಿಗೆ ತಂದರು?"

"ಶ್... ಮೆಲ್ಲಗೆ."

ಅವಳು ಹೇಳಿದ್ದು ಇಷ್ಟು. ಎಲೆ ಹಳದಿಯಾಗಿ ಉದುರ್ತಾ ಇತ್ತಂತೆ, ನಿದ್ದೆ ಬರಲಿಲ್ಲವಂತೆ. ನೀರು ಹಾಕೋಣ ಅಂತ ಒದ್ದೆ ಕೈಯಲ್ಲಿ ಚೊಂಬು ಹಿಡಿದು ಹೊರಟಳು. ರೂಮಿನೊಳಗಿಂದ... ಟಕ್. ಗಂಡ ಎದ್ದಿದ್ದಾನೆ ಅಂದುಕೊಂಡಳು. ಆಮೇಲೆ ಸರ್, ಸರ್. ಚಪ್ಪಲಿ ಎಳೆಯೋ ಸದ್ದು. ಟಕ್. ಅದರ ಹಿಂದೆಯೇ ಸಣ್ಣಗೆ, ಕಟ ಕಟ ಕಟ... ನೆಲದ ಮೇಲೆ ಏನನ್ನೋ ಎಳೆದುಕೊಂಡು ಬರ್ತಾ ಇತ್ತು. ವಾಕರ್ ಬಾಗಿಲಿಗೆ ಬಂದು ನಿಂತಿತು. ಹಿಡಿದವರು ಯಾರೂ ಇಲ್ಲ. ಕಿವಿಯ ಹತ್ತಿರ ಒಡಕು ದನಿ.

"ಮುಟ್ಟಬೇಡ... ಕೂತ್ಕೋ, ಮಗಾ."

ಕೂತಳು. ಟಾರ್ಚಿಗೆ ಅಂತ ಹಿಡಿದಿದ್ದ ಫೋನಿನಿಂದ ಕೂತಲ್ಲೇ ನನ್ನನ್ನ ಕರೆದವಳು, ನಾನು ಬರೋವರೆಗೂ ಎದ್ದಿರಲಿಲ್ಲ.

ನಾನು ಟೆಸ್ಟರ್ ತುದಿಯನ್ನ ವಾಕರಿಗೆ ಇಟ್ಟೆ. ಟೆಸ್ಟರಿನ ಪುಟ್ಟ ದೀಪ ಕೆಂಪಗೆ ಹತ್ತಿಕೊಂಡಿತು, ಅಂದರೆ ವಾಕರಿಗೆ ಕರೆಂಟ್ ಹೊಡೀತಿದೆ. ಆ ಒದ್ದೆ ಕೈ ತಾಗಿದ್ದರೆ ಇವತ್ತು ನನಗೆ ತಂಗಿ ಇರ್ತಿರಲಿಲ್ಲ. ಮೊದಲು ಪ್ಲಗ್ ಕೀಳೋಣ ಅಂತ ಹುಡುಕಿದೆ. ಕಾಲಿಗೆ ಏನೋ ತಗುಲಿತು... ಪ್ಲಗ್ಗು. ಗೋಡೆಯಿಂದ ಕಿತ್ತು ಬಂದು ನೆಲದ ಮೇಲೆ ಬಿದ್ದಿದೆ. ಲೈಟ್ ಉರೀತಾನೇ ಇದೆ. ಇಪ್ಪತ್ತೆರಡು ವರ್ಷ ಸ್ವಾಮಿ. ಇಂಥದ್ದು ನೋಡಿರಲಿಲ್ಲ.

ಆಗ ಎದ್ದು ಬಂದ ಪ್ರೊಫೆಸರು, ಹೊಟ್ಟೆ ಕೆರೆದುಕೊಳ್ತಾ.

"ಏನ್ ಭಾವ, ಈ ಹೊತ್ತಲ್ಲಿ ಇನ್ಸ್‌ಪೆಕ್ಷನ್ನಾ?"

"ಮುಟ್ಟಬೇಡ. ಕರೆಂಟಿದೆ."

"ಪ್ಲಗ್ಗೇ ಕಿತ್ತಿದೆ. ಆಕಾಶದಿಂದ ಬರುತ್ತಾ ಕರೆಂಟು?"

"ಹಾಗಾದ್ರೆ ಲೈಟ್ ಯಾಕೆ ಉರೀತಿದೆ?"

ಅವನು ಪ್ಲಗ್ಗನ್ನ ಕಾಲಲ್ಲಿ ಹೊರಳಿಸಿ ನೋಡಿದ.

"ಕೆಪಾಸಿಟರಲ್ಲಿ ಉಳಿದಿರೋ ಚೂರು ಕರೆಂಟು," ಅಂದ. ಅಂದವನೇ ವಾಕರಿನ ಅಡ್ಡಪಟ್ಟಿಗೆ ಕೈ ಹಾಕಿದ.

ಝ್ರ್‌ರ್‌ರ್...

ಕೈ ಬಿಡಿಸಿಕೊಳ್ಳೋಕೆ ಆಗ್ತಿಲ್ಲ. ನಾನು ಮರದ ಸ್ಟೂಲ್ ಎತ್ತಿಕೊಳ್ಳೋ ಹೊತ್ತಿಗೆ ಅವನ ಬಾಯಿಂದ ಒಂದೇ ಮಾತು ಬಂತು, "ಅಮ್ಮಾ!" ಬದುಕಿದ್ದಾಗ ಆಕೆ ನಾಲ್ಕು ಸಲ ಕರೆದರೂ ಓಗೊಡದ ಮಗ. ಆ ಮಾತು ಬಂದ ಕೂಡಲೇ... ಟಕ್. ಲೈಟ್ ಆರಿತು. ಅವನು ಕುಸಿದು ಕೂತ. ಅಂಗೈಯಲ್ಲಿ ಕಪ್ಪಗೆ ಒಂದು ಬರೆ.

ಮೂವರೂ ಆಸ್ಪತ್ರೆಗೆ ಹೋದೆವು. ಮನೆಗೆ ಬೀಗ ಹಾಕಿದ್ದು ನಾನೇ, ಎರಡೂ ಕೀ ನನ್ನ ಜೇಬಲ್ಲಿ. ಎದೆಬಡಿತ ನೋಡಬೇಕು ಅಂತ ಅವನನ್ನ ಮೂರು ಗಂಟೆ ಮಲಗಿಸಿದರು. ಆ ಮೂರು ಗಂಟೆಯೂ ನರ್ಸಿಗೆ ಕೆಪಾಸಿಟರ್ ಪಾಠ. ಕಡಲೆಕಾಳಿನಷ್ಟಿರೋ ಕೆಪಾಸಿಟರ್! ಅದು ಒಬ್ಬ ಗಂಡಸನ್ನ ಅಲ್ಲಾಡಿಸುತ್ತಂತೆ. ಆ ಹುಡುಗಿ ಹೂಂಗುಟ್ಟುತ್ತಾ ಬ್ಯಾಂಡೇಜ್ ಸುತ್ತಿದಳು.

ಬೆಳಕು ಹರಿಯೋ ಮುಂಚೆ ವಾಪಸ್ ಬಂದೆವು. ಬೀಗ ಹಾಕಿದ ಹಾಗೇ ಇತ್ತು. ಒಳಗೆ ವಾಕರ್ ಬಾಗಿಲಲ್ಲೇ ಇತ್ತು. ಕುಂಡ ಇರಲಿಲ್ಲ. ನೆಲದ ಮೇಲೆ ಎಳೆದ ಗೀರಿಲ್ಲ, ಒಂದು ಹಿಡಿ ಮಣ್ಣು ಚೆಲ್ಲಿಲ್ಲ.

ತಂಗಿ ನೇರ ಮೆಟ್ಟಿಲು ಹತ್ತಿದಳು. ನಾನು ಹಿಂದೆ. ಪ್ರೊಫೆಸರು ಮೂರು ಮಹಡಿ ನೋಡಿದ, ಬ್ಯಾಂಡೇಜ್ ಕಟ್ಟಿದ ಕೈ ನೋಡಿದ, ನಮ್ಮ ಹಿಂದೆಯೇ ಹತ್ತಿದ.

ಟೆರೇಸಿನ ಪೂರ್ವದ ಮೂಲೆಯಲ್ಲಿತ್ತು ಕುಂಡ. ಮಣ್ಣಿಗೆ ಆಗ ತಾನೇ ನೀರು ಬಿದ್ದಿತ್ತು. ತಂಗಿ ಅದರ ಪಕ್ಕ ಕೂತು ಮನಸಾರೆ ಅತ್ತಳು. ಯಾರೋ ಕಳ್ಳರು ಇಟ್ಟಿರಬೇಕು ಅಂದ ಅವನು. ನೋಡಿ, ಕಳ್ಳರು ಬೀಗ ತೆಗೆದು, ಆ ಭಾರದ ಕುಂಡ ಮೂರು ಮಹಡಿ ಹೊತ್ತು, ನೀರು ಹಾಕಿ, ಮತ್ತೆ ಬೀಗ ಹಾಕಿ ಹೋಗ್ತಾರೆ! ಇಂಥವನಿಗೆ ಏನು ಹೇಳ್ತೀರಿ?

ನೀವೂ ನಂಬಬೇಡಿ, ನನಗೇನೂ ಆಗಬೇಕಾಗಿಲ್ಲ. ಆದರೆ ನಾನು ಕಣ್ಣಾರೆ ನೋಡಿದ್ದು ಇನ್ನೊಂದಿದೆ. ಕುಂಡದ ಪಕ್ಕ ಯಾರದೋ ಹಳೇ ಪ್ಲಾಸ್ಟಿಕ್ ಕುರ್ಚಿ, ಪೂರ್ವಕ್ಕೆ ಮುಖ ಮಾಡಿ ಇಟ್ಟಿತ್ತು. ಇನ್ನೂ ಸೂರ್ಯ ಹುಟ್ಟಿರಲಿಲ್ಲ. ನೆಲ, ನೀರಿನ ಟ್ಯಾಂಕು, ಬಟ್ಟೆ ಒಣಗಿಸೋ ತಂತಿ, ಎಲ್ಲದರ ಮೇಲೂ ಇಬ್ಬನಿ ಕೂತಿತ್ತು. ಕುರ್ಚಿ ಮಾತ್ರ ಒಣಗಿತ್ತು. ನಾನು ಕೂರೋ ಜಾಗಕ್ಕೆ ಅಂಗೈ ಇಟ್ಟೆ... ಇದೇ ಕೈ.

ಬೆಚ್ಚಗಿತ್ತು.