ದುಂಡನೆಯದು ನೂಲಾಗುವಾಗ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಅಂದರೆ ನಮ್ಮ ಪ್ರಯೋಗಾಲಯದ ಮುಖ್ಯಸ್ಥೆ, ನಾವೆಲ್ಲ ಬರೀ ‘ಮೇಡಂ’ ಎನ್ನುವವರೇ, ಸಂಸ್ಥೆಯ ನಿರ್ದೇಶಕರೇ, ದೂರದಿಂದ ಬಂದಿರುವ ಅತಿಥಿಗಳೇ, ನನ್ನ ಜೊತೆ ಗಾಜಿನ ಸಾಮಾನು ತೊಳೆದು ತೊಳೆದು ಕೈ ಸವೆಸಿಕೊಂಡ ಗೆಳತಿಯರೇ, ತಿಂಡಿ ಯಾವಾಗ ಬರುತ್ತದೆಂದು ಬಾಗಿಲ ಕಡೆ ನೋಡುತ್ತಿರುವ ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ನನಗಿಂತ ಮೊದಲು ಮಾತಾಡಿದವರೆಲ್ಲ ಒಂದು ಹನಿಯನ್ನು ಸಾವಿರ ಪಾಲು ಮಾಡಿ ಅಳೆಯಬಲ್ಲವರು. ಮಾತನ್ನು ಮಾತ್ರ ಬಕೆಟ್ಟಿನಲ್ಲೇ ಸುರಿದರು. ನಾನು ಮೂವತ್ತೊಂದು ವರ್ಷ ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದವಳು. ಇವತ್ತು ನಿವೃತ್ತಳಾಗುತ್ತಿದ್ದೇನೆ. ಎರಡು ನಿಮಿಷ ಜಾಸ್ತಿಯಾದರೆ ಯಾರೂ ಮೆಮೊ ಕೊಡುವಂತಿಲ್ಲ, ನಾಳೆಯಿಂದ ನಾನು ನಿಮ್ಮ ಕೈಗೆ ಸಿಗುವುದಿಲ್ಲ.

ನನ್ನ ಕೆಲಸವೇನು? ಅಡುಗೆ. ನೀರನ್ನು ಹಲ್ವದಂತೆ ಗಟ್ಟಿ ಮಾಡುವ ಅಗರ್ ಪುಡಿ, ಸಕ್ಕರೆ, ಉಪ್ಪು ನೀರಿಗೆ ಹಾಕಿ, ದೊಡ್ಡ ಕುಕ್ಕರಿನಂಥ ಯಂತ್ರದಲ್ಲಿ ಬೇಯಿಸಿ, ಕೈ ತಡೆಯುವಷ್ಟು ಆರಿಸಿ, ಪ್ಲೇಟುಗಳಿಗೆ ಸುರಿದು, ಗಟ್ಟಿಯಾದ ಮೇಲೆ ಅದರ ಮೇಲೆ ಯೀಸ್ಟ್ ಸವರುವುದು. ಉಣ್ಣುವವರು ಕಣ್ಣಿಗೆ ಕಾಣುವುದಿಲ್ಲ. ಉಪ್ಪು ಜಾಸ್ತಿಯಾಯಿತೆಂದು ಹೇಳುವುದಿಲ್ಲ, ಸುಮ್ಮನೆ ಸತ್ತುಬಿಡುತ್ತಾರೆ. ಅಂಥವರಿಗೆ ಅಡುಗೆ ಮಾಡುವುದು ಸುಲಭವೇ?

ಈ ಯೀಸ್ಟ್ ಬ್ರೆಡ್ಡು ಉಬ್ಬಿಸುವ ಸಾಧು ಯೀಸ್ಟ್ ಅಲ್ಲ, ಅದರ ದಾಯಾದಿ. ನಮ್ಮ ಬಾಯಲ್ಲಿ, ಕರುಳಲ್ಲಿ ದುಂಡಗೆ, ತೆಪ್ಪಗೆ ಕೂತಿರುತ್ತದೆ. ಈ ಸಭಾಂಗಣದ ಅರ್ಧಕ್ಕರ್ಧ ಜನರೊಳಗೆ ಇದೆ. ಪಕ್ಕದವರನ್ನು ಹಾಗೆ ನೋಡಬೇಡಿ, ನಿಮ್ಮೊಳಗೂ ಇರಬಹುದು. ಮೈಯಲ್ಲಿ ಶಕ್ತಿ ಇರುವವರೆಗೆ ಅದರಿಂದ ತೊಂದರೆಯಿಲ್ಲ. ಶಕ್ತಿ ಕುಂದಿದಾಗ, ಕಾವೂ ರಕ್ತವೂ ಸೋಕಿದಾಗ, ದುಂಡನೆಯದು ಮೊಳಕೆಯೊಡೆದು ನೂಲಿನಂತೆ ಉದ್ದವಾಗುತ್ತದೆ. ಆ ನೂಲು ಮಾಂಸವನ್ನು ಕೊರೆದು ಒಳಗೆ ಹೋಗುತ್ತದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೇಡಂ ನನ್ನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ರಕ್ತದ ತಿಳಿಯ ಒಂದು ಹನಿಯಲ್ಲಿ ಯೀಸ್ಟ್ ಇತ್ತು. ಎರಡು ಗಂಟೆ ಕಣ್ಣು ಕೀಳದೆ ನೋಡಿದೆ. ದುಂಡಗಿದ್ದದ್ದರ ಒಂದು ಬದಿಯಿಂದ ಸಣ್ಣ ಮೊಳಕೆ ಬಂತು, ಬೆಳೆಯಿತು, ಬೆಳೆಯುತ್ತಲೇ ಹೋಯಿತು.

“ಕಣ್ಣಿಲ್ಲ, ಕಿವಿಯಿಲ್ಲ, ತಲೆಯಂತೂ ಇಲ್ವೇ ಇಲ್ಲ. ತಾನು ಎಲ್ಲಿದ್ದೀನಿ ಅಂತ ಇದಕ್ಕೆ ಹೇಗೆ ಗೊತ್ತಾಯ್ತು ಮೇಡಂ?”

“ಒಳಗೆ ಸುದ್ದಿ ಮುಟ್ಟಿಸೋರು ಇದ್ದಾರೆ ಅಕ್ಕಾ.”

ಹೊರಪೊರೆಯ ಬಳಿ ಒಂದು ಪ್ರೋಟೀನು ಸುದ್ದಿ ಹಿಡಿಯುತ್ತದಂತೆ. ಒಳಗಿನದಕ್ಕೆ ದಾಟಿಸುತ್ತದೆ, ಅದು ಮುಂದಿನದಕ್ಕೆ. ಕೊನೆಗೆ ಜೀನುಗಳ ಬಳಿ ನಿಂತ ಪ್ರೋಟೀನು ‘ಇನ್ನು ಉದ್ದವಾಗು’ ಎಂದು ಆಜ್ಞೆ ಕೊಡುತ್ತದೆ. ನಮ್ಮ ಕಚೇರಿಯಲ್ಲಿ ಒಂದು ಫೈಲು ಈ ಮೇಜಿನಿಂದ ಆ ಮೇಜಿಗೆ ಹೋಗಲು ಮೂರು ವಾರ ಬೇಕು, ನಿರ್ದೇಶಕರು ಕ್ಷಮಿಸಬೇಕು. ಅಲ್ಲಿ ನಿಮಿಷಗಳಲ್ಲಿ ಮುಗಿಯುತ್ತದೆ. ಧೂಳಿಗಿಂತ ಚಿಕ್ಕದರೊಳಗೆ ಇಷ್ಟೊಂದು ಏರ್ಪಾಡು! ಅವತ್ತು ಮೈ ಜುಮ್ಮೆಂದಿತು. ಇವತ್ತಿಗೂ ಎನ್ನುತ್ತದೆ.

ಆದರೆ ಅವತ್ತು ಮನೆಗೆ ಹೋಗುವಾಗ ಬಸ್ಸಿನಲ್ಲಿ ಅತ್ತೆ. ಯಾಕೆಂದು ಇಲ್ಲಿ ಒಬ್ಬರನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲ. ಸಂದರ್ಶನದಲ್ಲಿ “ಈ ಕೆಲಸವೇ ಯಾಕೆ?” ಎಂದು ಕೇಳಿದಾಗ “ಮನೆಗೆ ಹತ್ತಿರ” ಎಂದಿದ್ದೆ. ಸುಳ್ಳು. ಎರಡು ಬಸ್ಸು ಬದಲಿಸಬೇಕಿತ್ತು. ನನಗೊಬ್ಬಳು ತಂಗಿಯಿದ್ದಳು. ಹೊಟ್ಟೆಯ ಆಪರೇಶನ್ ಆಗಿ ಇಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದಳು. ಜೊತೆಗಿದ್ದವಳು ನಾನು. ತುಟಿ ಒದ್ದೆ ಮಾಡಿದ್ದು, ತಲೆ ಬಾಚಿದ್ದು, ಬಟ್ಟೆ ಬದಲಿಸಿದ್ದು ಎಲ್ಲ ನಾನೇ. ಗಾಯ ಮಾಯುತ್ತಿತ್ತು, ಜ್ವರ ಇಳಿಯಲಿಲ್ಲ. ರಕ್ತದಲ್ಲಿ ಇದೇ ಯೀಸ್ಟ್ ಸಿಕ್ಕಿದೆ ಎಂದರು ಡಾಕ್ಟರು. ಅದಾದ ನಾಲ್ಕನೇ ದಿನ ಹೋಗಿಬಿಟ್ಟಳು. ಇಪ್ಪತ್ತಮೂರು ವರ್ಷ ಅವಳಿಗೆ.

ಆಸ್ಪತ್ರೆಯ ಕಾರಿಡಾರಿನಲ್ಲಿ ಅಮ್ಮ ನನ್ನ ಮುಂದೆ ನಿಂತು ಒಂದೇ ಮಾತು ಕೇಳಿದಳು. “ಎಲ್ಲಿಂದ ತಂದ್ಯೇ ಇದನ್ನ ಅವಳಿಗೆ?” ಮತ್ತೆ ಯಾವತ್ತೂ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿಯಾದರೂ ಮುಗಿಸುತ್ತಿದ್ದೆವು. ಅಮ್ಮ ಇಲ್ಲೇ ಇದ್ದಾಳೆ, ಎರಡನೇ ಸಾಲಿನಲ್ಲಿ, ನನ್ನ ಮಗಳ ಪಕ್ಕ. ಎಂಬತ್ತನಾಲ್ಕು ವರ್ಷ, ಕಿವಿ ನನಗಿಂತ ಚುರುಕು.

ಇರಲಿ, ಯೀಸ್ಟಿಗೆ ಬರುತ್ತೇನೆ. ನಾನು ಸೇರಿದ ಏಳನೇ ವರ್ಷ ಮೇಡಂ ಆ ಆಜ್ಞೆ ಕೊಡುವ ಪ್ರೋಟೀನೇ ಇಲ್ಲದ ಯೀಸ್ಟನ್ನು ತಯಾರಿಸಿದರು. “ಇನ್ನು ಇದು ಏನು ಮಾಡಿದ್ರೂ ಉದ್ದ ಆಗಲ್ಲ ಅಕ್ಕಾ” ಎಂದರು. ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಹಲ್ಲು ಕಿತ್ತ ಹಾವು ಎಂದುಕೊಂಡೆ. ಒಂದು ದಿನ, ಅದು ತಂಗಿ ತೀರಿಕೊಂಡ ತಾರೀಕು, ಮನಸ್ಸು ಎಲ್ಲೋ ಇತ್ತು. ಅಗರ್ ಗಟ್ಟಿಯಾದ ಮೇಲೆ ಸವರಬೇಕಾದ ಯೀಸ್ಟನ್ನು ಉಗುರುಬೆಚ್ಚಗಿನ ಅಗರ್‌ಗೇ ಕಲಸಿ ಸುರಿದುಬಿಟ್ಟೆ. ಫ್ಲಾಸ್ಕು ತೊಳೆಯುವಾಗ ಎಚ್ಚರವಾಯಿತು. ಅರವತ್ತು ಪ್ಲೇಟು! ಬೈಗುಳ ತಪ್ಪಿಸಿಕೊಳ್ಳಲು ಕಿಟಕಿಯ ಕಟ್ಟೆಯ ಮೇಲೆ, ಫ್ಲಾಸ್ಕುಗಳ ಹಿಂದೆ ಬಚ್ಚಿಟ್ಟೆ. ನಾಲ್ಕು ದಿನದ ಮೇಲೆ ಅವು ಮೇಡಂ ಕೈಗೇ ಸಿಗಬೇಕೇ?

ಯೀಸ್ಟ್ ಬೆಳೆದ ಪ್ರತಿ ಚುಕ್ಕೆಯಿಂದಲೂ ಹತ್ತಿಯ ಎಳೆಯಂತೆ ನೂಲು ಹೊರಟಿತ್ತು. ಉದ್ದವಾಗಲಾರದೆಂದು ನಾವು ನಂಬಿದ್ದ ಅದೇ ಯೀಸ್ಟ್! ಅಗರ್‌ನೊಳಗೆ ಹೂತುಹೋದಾಗ ಸುತ್ತಲಿಂದ ಏನೋ ಒತ್ತುತ್ತಿದೆ ಎಂದು ಅದಕ್ಕೆ ತಿಳಿದಿತ್ತು. ಆಜ್ಞೆ ಕೊಡುವ ಪ್ರೋಟೀನು ಇಲ್ಲದಿದ್ದರೇನು, ಸುದ್ದಿ ಬೇರೆ ದಾರಿಯಲ್ಲಿ ಮುಟ್ಟಿತ್ತು. ಮೇಡಂ ಬೈಯಲಿಲ್ಲ, ಸ್ಟೂಲು ಎಳೆದುಕೊಂಡು ಕೂತರು. “ಏನು ಮಾಡಿದ್ರಿ ಅಕ್ಕಾ? ಒಂದೂ ಬಿಡದೆ ಹೇಳಿ.”

ಹೇಳಿದೆ. ತಪ್ಪಿನ ಜೊತೆಗೆ ತಂಗಿಯ ಕಥೆಯೂ ಬಂತು. “ಇದು ಕೈಯಿಂದ ಬರುತ್ತಾ ಮೇಡಂ?” ಎಂದೆ. ಅವರು ಹೇಳಿದರು, “ಒಮ್ಮೊಮ್ಮೆ ಬರುತ್ತೆ, ಸುಳ್ಳು ಹೇಳಲ್ಲ. ಆದ್ರೆ ಹೆಚ್ಚಿನ ಸಲ ಮೊದಲಿಂದ ಒಳಗೇ ಇದ್ದದ್ದು. ಹುಟ್ಟಿದಾಗ ತಾಯಿಯಿಂದಲೇ ಮಗುವಿಗೆ...”

ಅಯ್ಯೋ.

ಮೈಕು ಹಿಡಿದು ಅಭ್ಯಾಸವಿಲ್ಲದವಳು ನಾನು, ನಾಲಿಗೆ ಹಿಡಿತ ತಪ್ಪಿತು. ಇಪ್ಪತ್ತನಾಲ್ಕು ವರ್ಷ ಈ ಮಾತನ್ನು ಮನೆಯಲ್ಲಿ ಆಡಿರಲಿಲ್ಲ. ಆಡಿದ್ದರೆ ನನ್ನ ಮೇಲಿನ ಆರೋಪ ಇಳಿಯುತ್ತಿತ್ತು, ಹೋಗಿ ಅಮ್ಮನ ಮೇಲೆ ಕೂರುತ್ತಿತ್ತು. ಸಿಟ್ಟು ಬಂದಾಗ ಎಷ್ಟೋ ಸಲ ತುದಿ ನಾಲಿಗೆಗೆ ಬಂದಿತ್ತು, ನುಂಗಿದ್ದೆ. ಇವತ್ತು ಎಲ್ಲರೆದುರು ಹೇಳಿಬಿಟ್ಟೆನಲ್ಲ! ಸಭಿಕರು ಒಂದು ನಿಮಿಷ ಕ್ಷಮಿಸಬೇಕು.

ಅಮ್ಮಾ, ಪೂರ್ತಿ ಕೇಳಿಸ್ಕೋ. ನೀನು ಅವಳಿಗೆ ಕೊಟ್ಟಿದ್ದು ರೋಗ ಅಲ್ಲ. ನಿನಗೆ ಅಜ್ಜಿ ಕೊಟ್ಟಿರ್ತಾಳೆ, ಅಜ್ಜಿಗೆ ಅವಳಮ್ಮ. ನನಗೂ ಕೊಟ್ಟಿರ್ತೀಯ, ಈ ಮೂಗಿನ ಜೊತೆಗೆ, ಈ ಹಟದ ಜೊತೆಗೆ. ಅರವತ್ತು ವರ್ಷದಿಂದ ನನ್ನೊಳಗೆ ತಣ್ಣಗೆ ಕೂತಿದೆ. ಅವಳೊಳಗೂ ಹಾಗೇ ಕೂತಿತ್ತು, ಅವಳ ಜೊತೆ ಸ್ಕೂಲಿಗೆ ಹೋಯ್ತು, ಅವಳು ನಕ್ಕಾಗ ಬಾಯಲ್ಲೇ ಇತ್ತು. ಹೊಟ್ಟೆ ಕೊಯ್ದು, ನರಕ್ಕೆ ನಳಿಕೆ ಹಾಕಿ, ಮೈಯಲ್ಲಿ ತ್ರಾಣ ಹೋದಾಗ ಅದಕ್ಕೆ ಸುದ್ದಿ ಮುಟ್ಟಿತು. ಆ ಸುದ್ದಿ ಮುಟ್ಟಿಸಿದ್ದು ನೀನಲ್ಲ ಅಮ್ಮಾ. ನನ್ನ ಕೈಯಿಂದ ಬಂತೋ ಇಲ್ವೋ, ಅದು ನನಗೆ ಗೊತ್ತಿಲ್ಲ. ಇಷ್ಟು ವರ್ಷ ಅದಕ್ಕೆ ಉಣ್ಣಕ್ಕಿಟ್ಟ ಮೇಲೂ ಗೊತ್ತಿಲ್ಲ. ಗೊತ್ತಿಲ್ಲದೇನೇ ನಾವಿಬ್ಬರೂ ಬದುಕಬೇಕು, ಜೊತೆಗೆ ಬದುಕೋಣ.

ಅಮ್ಮ ಎದ್ದಿದ್ದಾಳೆ. ನನ್ನ ಮಗಳು ಕೂರಿಸಲು ನೋಡುತ್ತಿದ್ದಾಳೆ, ಕೂರುತ್ತಿಲ್ಲ. ಕುರ್ಚಿಗಳನ್ನು ಹಿಡಿದುಕೊಂಡು ವೇದಿಕೆಯ ಕಡೆಗೇ ಬರುತ್ತಿದ್ದಾಳೆ. ಆ ಮಂಡಿಗಳಲ್ಲಿ ಈ ಮೆಟ್ಟಿಲು ಹತ್ತಲಾಗುವುದಿಲ್ಲ. ವಂದಿಸಬೇಕಾದವರ ಪಟ್ಟಿ ಈ ಚೀಟಿಯಲ್ಲಿದೆ, ದಯವಿಟ್ಟು ಯಾರಾದರೂ ಓದಿಬಿಡಿ. ಮೇಡಂಗೆ, ನಿಮಗೆಲ್ಲರಿಗೂ ನಾನು ಋಣಿ.

ಅಮ್ಮಾ, ಅಲ್ಲೇ ನಿಲ್ಲು. ನಾನೇ ಇಳಿದು ಬರ್ತೀನಿ.

ನಮಸ್ಕಾರ.