ಬಸ್ಕಿ ಹೋಟೆಲ್ಲಿನ ಊಟ

ಬಸ್ಕಿ ಅಲ್ಲಕ್ಕಾ! ಬಾಸ್ಕ್! ಬಾ...ಸ್ಕ್! ಯಾಕ ನಗ್ತಿ? ಕಿವಿ ಹಿಡಕೊಂಡು ಬಸ್ಕಿ ಹೊಡದ್ರಷ್ಟ ಇಲ್ಲಿ ಊಟ ಹಾಕ್ತಾರ ಅಂತ ತಿಳಕೊಂಡು ಬಂದೀಯೇನ ನೀ? ಅದೊಂದು ಸೀಮಿ ಹೆಸರು, ಸ್ಪೇನ್ ದೇಶದ ಕಡೆ. ಅಲ್ಲಿ ಮಂದೀನೂ ನಮ್ಹಂಗ ಕುರಿ ಕಾಯೋರು! ಖರೇನ. ಗುಡ್ಡದಾಗ ಹಿಂಡ ಮೇಯಸ್ತಾರ, ಟಗರಿನ ಕಾಳಗ ಆಡಸ್ತಾರ... ಹಾಂ... ಇರ್ಲಿ ಬಿಡು. ಟಗರಿನ ಮಾತ ಬ್ಯಾಡ ಇವತ್ತ.

ಸರಿಯಾಗಿ ಕುಂದ್ರು. ಕುರ್ಚಿ ತುದಿಗೆ ಯಾಕ ಕುಂತಿ, ಬಸ್ ಬರೂದ ಕಾಯ್ಕೋತ ಕುಂತಂಗ? ಏಸಿ ಐತಿ, ಥಂಡಿ ಆದ್ರ ಸೆರಗ ಹೊತಗೋ. ಇಳಕಲ್ ಸೀರಿ ಉಟಗೊಂಡು ಬಂದಿದ್ದು ಭಾಳ ಚಲೋ ಆತು. ಆ ಮೂಲ್ಯಾಗ ಕುಂತ ಫಾರಿನ್ ಹೆಣಮಗಳು ಆವಾಗಿಂದ ನಿನ್ನ ಸೆರಗನ್ನ ನೋಡಾಕತ್ತಾಳ. ಬಾದಾಮಿ ಗವಿ ನೋಡಾಕ ಬಂದಾಕಿ ನಿನ್ನ ಸೀರಿ ನೋಡಕೋತ ಕುಂತಾಳ!

ನಾ? ನಾ ಎಲ್ಲಿ ಅಡಿಗಿಮನಿ ಬಾಗಲಾ ನೋಡಾಕತ್ತೇನಿ? ಸುಮ್ನ... ಊಟ ಯಾವಾಗ ಬರ್ತೈತಿ ಅಂತ.

ತಿನ್ನು. ಇದಕ್ಕ ಪಿಂಚೋ ಅಂತಾರಂತ. ಬ್ರೆಡ್ ತುಂಡಿನ ಮ್ಯಾಲೆ ಮೀನ, ಮೆಣಸಿನಕಾಯಿ ಇಟ್ಟು ಕಡ್ಡಿ ಚುಚ್ಯಾರ. ಏ ಏ, ಕಡ್ಡಿ ತಗದ ತಿನ್ನಕ್ಕಾ! ಇದು ಕುರಿ ಹಾಲಿನ ಚೀಜ್. ನಾವು ಮರಿಗೆ ಬಿಡೂ ಹಾಲ ಇವ್ರು ತಿಂಗಳಗಟ್ಟಲೆ ಇಟ್ಟು, ಗಟ್ಟಿ ಮಾಡಿ ತಿಂತಾರ. ಮಾರಿ ಹಂಗ ಕಿವಚಬ್ಯಾಡ, ಮಂದಿ ನೋಡ್ತಾರ.

ಯಾವದು? ಆ ಚಿತ್ರದಾಗಿಂದಾ? ಬ್ಯಾಡ. ಇಲ್ಲಿ ಮಟನ್ ಬ್ಯಾಡಕ್ಕಾ... ಹೂಂ, ಕುರಿ ಕಾಯೋರ ಊಟ ಅಂದೆ, ಖರೆ, ಆದ್ರ... ಇವತ್ತಿಂದು ಚಲೋ ಇಲ್ಲ. ನನಗ ಗೊತ್ತಿರತೈತಿ! ಇಲ್ಲಿಗೆ ಕುರಿ ಹಾಕೂ ಕಾಂಟ್ರ್ಯಾಕ್ಟ್ ಈಗ ನಂದ ಅಲ್ಲ? ಹೋದ ವಾರ ಹೋಟೆಲ್ ಚಾಲೂ ಆದ ದಿನ ಮಾಲಕರು ಎಲ್ಲಾರ ಮುಂದ ನನ್ನ ಹೆಗಲ ಮ್ಯಾಲೆ ಕೈ ಹಾಕಿ, 'ಬೀರಲಿಂಗ, ನೀನ ನಮ್ಮ ಮನಷ್ಯಾ' ಅಂದ್ರು... ಆತು, ನೀ ಮೀನ ತಿನ್ನು.

ಮತ್ತ ಅದ ಮಾರಿ ಮಾಡಿದೆಲ್ಲ! ಅಕ್ಕಾ, ಅಳೂದಿದ್ರ ಮನ್ಯಾಗ ಅಳು. ಟಗರ ಹೋತು. ಹೋತು ಅಂದ್ರ ಹೋತು! ತ್ವಾಳ ಒಯ್ದೈತಿ ಅಂತ ಎಷ್ಟ ಸಲ ಹೇಳಬೇಕು ನಿನಗ?

ಗೊತ್ತೈತಿ... ಗೊತ್ತೈತಿ. ಇಳಕಲ್ ಕ್ವಾರ್‍ಯಾಗ ಕಲ್ಲ ಮೈಮ್ಯಾಲೆ ಉಳ್ಳಿ, ನಾ ದವಾಖಾನ್ಯಾಗ ಕಣ್ಣ ಮುಚ್ಚಿ ಬಿದ್ದಾಗ ನೀ ಬೀರಪ್ಪಗ ಬೇಡಕೊಂಡಿ. ನನ್ನ ತಮ್ಮನ್ನ ಉಳಸು, ಈ ಮರಿ ನಿನ್ನ ಹೆಸರಿಗೆ ಬಿಡ್ತೇನಿ, ಅದಕ್ಕ ಯಾವತ್ತೂ ಕತ್ತಿ ತಾಗಸಂಗಿಲ್ಲ ಅಂತ. ತಾಯಿ ಸತ್ತ ಮರಿಗೆ ಬಾಟ್ಲ್ಯಾಗ ಹಾಲ ಕುಡಿಸಿ ಬೆಳಸಿದಿ... ನನಗೇನ ನೆನಪಿಲ್ಲೇನ? ಆದ್ರ ಟಗರ ಹೋತಂತ ನನ್ನ ಜೀವಾನೂ ಹೋಗತೈತೇನ? ಕುಂತೇನಲ್ಲ ನಿನ್ನ ಮುಂದ, ಗುಂಡಕಲ್ಲ ಹಂಗ! ನೀ ಉಣ್ಣೂದ ಬಿಟ್ಟಿ. ನಾ ಬೈಕ್ ಹತ್ತಿದ್ರ ಸಾಕು, ಬಾಗಲಕ್ಕ ಬಂದು ನಿಂದ್ರತಿ. ನೋಡಾಕಾಗಂಗಿಲ್ಲ ನನಗ.

ಅದಕ್ಕ ಕರಕೊಂಡ ಬಂದೇನಿ. ಹೊಟ್ಟಿ ತುಂಬ ಉಣ್ಣು, ಒಂದ ಮಾತ ಕೊಡು. ನಾಳೆ ಪೂಜಾರಿ ಹಂತೇಕ ಹೇಳಿಕಿ ಕೇಳಾಕ ಹೋಗಬ್ಯಾಡ. ಅವನ ಮೈಮ್ಯಾಲೆ ದೇವರ ಬಂದು, ಊರ ಮಂದಿ ಮುಂದ ಏನಾರ ಅಂದ್ರ... ಯಾರಿಗರೆ ಸುಮ್ನ ಕೆಟ್ಟ ಹೆಸರ ಬರ್ತೈತಿ. ನನಗ ಯಾಕ ಅಂಜಿಕಿ? ನನಗೆಲ್ಲಿ ಅಂಜಿಕಿ!

ಬಂತ ನೋಡು ಸಿಹಿ. ಚೀಜ್ ಕೇಕ್. ಅಡಿಗಿಯವಾ ಮರತು ಹೊತ್ತಸಿಲ್ಲಕ್ಕಾ! ಮ್ಯಾಲೆ ಹಂಗ ಕರ್ರಗ ಸುಡೂದ ಇವರ ಪದ್ಧತಿ. ನೀ ರೊಟ್ಟಿ ಹೊತ್ತಸಿದ್ರ ಅಪ್ಪ ತಾಟ ಒಗೀತಿದ್ದ, ಇಲ್ಲಿ ಹೊತ್ತಸಿದ್ದಕ್ಕ ಶಾಬ್ಬಾಸ್ ಅಂತಾರ... ನಕ್ಕಿ! ನಕ್ಕಿ ನೋಡು! ಹಿಂಗ ಇರಬೇಕ ನೀ.

ಓ... ಸಲಾಂ, ಸಲಾಂ ಚಾಂದಸಾಬ. ಇಂವಾ ನಮ್ಮ ಇಳಕಲ್ಲಾಂವ ಅಕ್ಕಾ, ಬಸ್ ಸ್ಟ್ಯಾಂಡ್ ಮುಂದ ಬಿರ್ಯಾನಿ ಮಾಡ್ತಿದ್ದ, ಈಗ ಇಲ್ಲಿ ಅಡಿಗಿಮನ್ಯಾಗ ಅದಾನ. ಇಕಿ ಬೋರವ್ವ, ನಮ್ಮಕ್ಕ. ಹೂಂ, ಊಟ ಚಲೋ ಆಗೇತಿ, ನೀ ನಡಿ, ಕೆಲಸ ಇರತಾವು... ಏನು? ಯಾವ ಟಗರು? ಚಾಲೂ ಆದ ದಿನ ತಂದದ್ದಾ? ಹಣಿ ಮ್ಯಾಲೆ ಬಿಳಿ ಚುಕ್ಕಿ... ಏ ಮಾರಾಯಾ, ಅದು ನಾ ತಂದದ್ದಲ್ಲ! ಇಲ್ಲ, ನಾ ಅಲ್ಲ! ಹೋಗು ನೀ. ಹೋಗಂದ್ನೆಲ್ಲ!

ಅವಗ ವಯಸ್ಸಾಗೇತಿ ಅಕ್ಕಾ. ಯಾವ ಟಗರೋ, ಯಾರ ತಂದಿದ್ರೋ... ಬಿಳಿ ಚುಕ್ಕಿ ನಮ್ಮ ಟಗರಿಗಷ್ಟ ಇರತೈತೇನ? ಹುನಗುಂದ ಸಂತಿಗೆ ಹೋಗಿ ನೋಡು, ಬೇಕಾದಷ್ಟ ಸಿಗತಾವು. ಮಾಲಕರು ಅಂದಿದ್ರು ಖರೆ, ದೊಡ್ಡ ಕೋಡಿನ ಟಗರ ಬೇಕು, ಇಲ್ಲಂದ್ರ ಕಾಂಟ್ರ್ಯಾಕ್ಟ್ ಬ್ಯಾರೇದವರಿಗೆ ಅಂತ... ಅಂದ್ರೇನಾತು? ಅಂದಕೂಡ್ಲೆ ನಾ... ತ್ವಾಳ ಅಕ್ಕಾ. ನಾ ಕಣ್ಣಾರೆ ಕಂಡೇನಿ ತ್ವಾಳಾನ... ಏನಾರ ಅನ್ನು. ಕೇಕ್ ಯಾಕ ಬಿಟ್ಟಿ? ನೀರರೆ ಕುಡಿ.

ಸೆರಗಿನ ಗಂಟ ಯಾಕ ಬಿಚ್ಚಾಕತ್ತಿ? ಏನ ಐತಿ ಅದರಾಗ... ಭಂಡಾರ! ಗುಡಿ ಅರಿಷಿಣ ಇಲ್ಲಿ ಯಾಕ ತಗದಿ? ಮುಟ್ಟಿ ಆಣಿ ಮಾಡು ಅಂತೀಯೇನ? ಮಾಡ್ತೇನಿ! ಬೀರಪ್ಪನ ಭಂಡಾರ ಮುಟ್ಟಾಕ ನನಗೇನ... ತಡಿ, ಕೈ ಎಂಜಲ ಐತಿ. ಒರಸಕೊಂಡೆ, ಆದ್ರೂ ಎಂಜಲ ಎಂಜಲನ ಅಲ್ಲ? ತೊಳಕೊಂಡ ಬರ್ತೇನಿ, ಆಮ್ಯಾಲೆ...

ನೀ ಯಾಕ ಎದ್ದಿ? ಕುಂದ್ರಕ್ಕಾ, ಎಲ್ಲಾರೂ ನೋಡಾಕತ್ತಾರ. ಹೊಡೀತೀಯೇನ? ಹೊಡಿ, ನಾ ಏನೂ ಅನ್ನಂಗಿಲ್ಲ... ಅಕ್ಕಾ? ಹಣಿಗೆ ಯಾಕ ಹಚ್ಚಾಕತ್ತಿ? ನನ್ನ ಹಣಿಗೆ ಯಾಕ? ಆಣಿ ಕೇಳು ನನ್ನ. ಬೈಯಿ. ತುಟಿ ಅಷ್ಟ ಅಲ್ಲಾಡಸಬ್ಯಾಡ, ಬಾಯಿ ಬಿಟ್ಟು ಬೈಯಿ! ನನಗೇನೂ ಆಗಂಗಿಲ್ಲ, ಅಳಬ್ಯಾಡ...

ಅಕ್ಕಾ... ಈ ಸಲ ನನ್ನ ಸಲುವಾಗಿ ಬೀರಪ್ಪಗ ಏನ ಬಿಡ್ತೇನಿ ಅಂದಿ?