ಮೇರಿಗೋಲ್ಡ್ ವಿಮಾನದಲ್ಲಿ ಸೀಟಿಲ್ಲ

...ಅಲ್ಲಯ್ಯಾ, ಕೂತ್ಕೋ ಅಂದ್ರೆ ಕೂರಲ್ಲ, ಕಾಫಿ ಕೊಟ್ರೆ ಮುಟ್ಟಲ್ಲ! ಇದೇನು ಬೇರೆಯವರ ಮನೆಯಾ? ಸರಿ, ನಿಂತೇ ಇರು. ನನಗೇನಂತೆ! ಆದ್ರೆ ಕೇಳಿಸ್ಕೊಂಡು ಹೋಗು ಶೇಷಗಿರಿ. ಮೈಸೂರಿಂದ ತಲೆ ಬೋಳಿಸ್ಕೊಂಡು ವಾಪಸ್ ಬಂದಾಗಿನಿಂದ ನೀನು ಎಲ್ಲರ ಮನೆ ಬಾಗಿಲಿಗೂ ಹೋಗಿ... ಹೋಗಿಲ್ವಾ? ತಲೆ ಅಲ್ಲಾಡಿಸ್ಬೇಡ! ನೀನು ಹೇಳದೆ ಇದ್ರೆ ಇಡೀ ಸಾಂಟಾ ಕ್ಲಾರಾಕ್ಕೆ ಹೇಗೆ ಗೊತ್ತಾಯ್ತು? ಎಲ್ ಕ್ಯಾಮಿನೋ ರಸ್ತೇಲಿರೋ ಇಂಡಿಯನ್ ಗ್ರೋಸರಿಗೆ ಬೇಳೆ ತರೋಕೆ ಹೋದ್ರೆ ಹೆಂಗಸರು ನನ್ನ ಕಡೆ ನೋಡಿ ಗುಸುಗುಸು ಅಂತಾರೆ. ‘ಇವನೇ ನೋಡು, ಸ್ನೇಹಿತನ ಅಪ್ಪ ಸಾಯ್ತಿದ್ರೂ ಅವನನ್ನ ವಿಮಾನ ಹತ್ತಿಸದೇ ಇದ್ದೋನು.’ ನನಗೇನು ಕಿವಿ ಇಲ್ವೇನೋ?

ಊರ್ಮಿಳಾ, ನೀನು ಅಡುಗೆಮನೆಯಲ್ಲೇ ಇರು. ಇದು ನಮ್ಮಿಬ್ಬರ ಮಾತು. ಹೆಂಡತಿಗೆಲ್ಲ ಇದರಲ್ಲಿ ಕೆಲಸ ಇಲ್ಲ.

ನಿನ್ನೆ ಅನಂತಪದ್ಮನಾಭ ಫೋನ್ ಮಾಡಿದ್ದ. ಕನ್ನಡ ಕೂಟದ ಪ್ರೆಸಿಡೆಂಟು, ಸಾಹೇಬರು! ಡಿಸೆಂಬರ್‌ಗೆ ಕೂಟದವರೆಲ್ಲ ಒಟ್ಟಿಗೆ ನಮ್ಮ ಮೇರಿಗೋಲ್ಡ್ ಏರ್ವೇಸಲ್ಲೇ ಊರಿಗೆ ಹೋಗೋದು ಅಂತ ಮಾತಾಗಿತ್ತಲ್ಲ, ಈಗ ‘ಯೋಚನೆ ಮಾಡ್ತೀವಿ’ ಅಂತಾನೆ. ಯೋಚನೆ! ಆ ಗ್ರೂಪು ಬರಲಿಲ್ಲ ಅಂದ್ರೆ ಓಕ್ಲೆಂಡ್ ಏರ್ಪೋರ್ಟಲ್ಲಿ ನನ್ನ ಕೆಲಸ ಹೋಯ್ತು ಅಂತ್ಲೇ ಲೆಕ್ಕ, ಗೊತ್ತಾ ನಿನಗೆ? ಹೋದ ವರ್ಷ ಚಿಪ್ ಕಂಪನಿಗಳೆಲ್ಲ ಮಕಾಡೆ ಮಲಗಿದಾಗ ಲೇಆಫ್ ಆಗಿ ಮನೇಲಿ ಕೂತೋನು ನಾನು. ಎಂಜಿನಿಯರ್ ಆಗಿದ್ದೋನು ಟೈ ಕಟ್ಕೊಂಡು ಜನರ ಸೂಟ್‌ಕೇಸ್ ತೂಕ ಮಾಡ್ತಿದ್ದೀನಿ. ನಿನಗೇನಾಯ್ತು? ಕೂದಲೂ ಕೊಂಕಲಿಲ್ಲ. ಅದಕ್ಕೇ ಹೀಗೆ ಕಂಬದ ಥರ ನಿಂತು ನೋಡೋಕಾಗ್ತಿದೆ.

ಒಂದೇ ಒಂದು ಫೋನ್ ಮಾಡು. ಇಲ್ಲೇ, ನನ್ನ ಮುಂದೆ. ‘ಗುರುಪ್ರಸಾದನದು ತಪ್ಪಿಲ್ಲ’ ಅಂತ ಅನಂತಪದ್ಮನಾಭನಿಗೆ ಹೇಳು. ಅದಕ್ಕೇ ನಿನ್ನ ಕರೆಸಿದ್ದು.

ಯಾಕೆ ನಗ್ತೀಯ? ನಕ್ಕೆ ನೀನು, ತುಟಿ ಕೊನೇಲಿ ನಕ್ಕೆ, ನಾನು ನೋಡ್ದೆ! ಏನು ತಪ್ಪು ಮಾಡಿದೀನಿ ನಾನು, ಹೇಳು?

ನಮ್ಮದು ಚಾರ್ಟರ್, ಟೂರ್ ಗುಂಪುಗಳಿಗೆ ಅಂತ ಓಡಿಸೋ ಅಗ್ಗದ ವಿಮಾನ ಅಂತ ನಿನಗೆ ಸಾವಿರ ಸಲ ಹೇಳಿದೀನಿ. ಬ್ರಿಟಿಷರ ಲ್ಯಾಂಕಾಶೈರಲ್ಲಿ ಬಸ್ ಓಡಿಸ್ತಿದ್ದ ಯಾವನೋ ಮುದುಕ, ರೆಕ್ಕೆ ಮೇಲೆ ಫ್ಯಾನ್ ತಿರುಗೋ ಹಳೇ ವಿಮಾನ ಕೊಂಡ್ಕೊಂಡು ಶುರು ಮಾಡಿದ ಕಂಪನಿ ಇದು. ಯಾಕೆ? ಮಿಲ್ಲಲ್ಲಿ ದುಡಿಯೋ ಜನ ವರ್ಷಕ್ಕೊಂದು ಸಲ ಸ್ಪೇನ್‌ಗೆ ಹೋಗಿ ಬಿಸಿಲಲ್ಲಿ ಬಿದ್ಕೊಳ್ಳೋಕೆ! ಬಸ್ಸು ಓಡಿಸ್ದಂಗೇ ವಿಮಾನ ಓಡಿಸಿದ. ಮಂಡಿ ಮುಂದಿನ ಸೀಟಿಗೆ ಒತ್ತುತ್ತೆ. ವಿಮಾನ ನೆಲದ ಮೇಲೆ ನಿಂತ್ರೆ ನಷ್ಟ, ಹಗಲೂ ರಾತ್ರಿ ಹಾರ್ತಾನೇ ಇರ್ಬೇಕು. ಈಗ ಆ ಮಿಲ್ಲಿನವರ ಮಕ್ಕಳಿಗೆ ಸ್ಪೇನ್ ಸಾಲದು, ಇಲ್ಲಿಯ ಗೋಲ್ಡನ್ ಗೇಟ್ ಸೇತುವೆ ನೋಡ್ಬೇಕು! ವಾರಕ್ಕೊಂದು ಸಲ ಒಂದಷ್ಟು ಜನಾನ್ನ ಇಲ್ಲಿ ಇಳಿಸೋದು, ನೋಡಿ ಮುಗಿಸಿದವರನ್ನ ತುಂಬ್ಕೊಂಡು ಲಂಡನ್ನಿನ ಗ್ಯಾಟ್ವಿಕ್ ಏರ್ಪೋರ್ಟಿಗೆ ವಾಪಸ್. ಮಿಕ್ಕ ಸೀಟು ನಮ್ಮಂಥವರಿಗೆ. ಲಂಡನ್‌ವರೆಗೂ ಮೇರಿಗೋಲ್ಡು, ಅಲ್ಲಿಂದ ಬೇರೆ ಟಿಕೆಟ್ಟಲ್ಲಿ ಬಾಂಬೆ. ಅಗ್ಗ ಅಂತ ತಾನೇ ನೀವೆಲ್ಲ ಮುಗಿಬಿದ್ದಿದ್ದು? ಆಗ ಗುರುಪ್ರಸಾದ ದೇವರು!

ಅಂಥ ಕಂಪನಿ ಹತ್ರ ಬದಲಿ ವಿಮಾನ ಎಲ್ಲಿರುತ್ತೆ? ನೀನು ಹೊರಟ ದಿನ ದೊಡ್ಡ ವಿಮಾನದ ಇಂಜಿನ್ ಕೆಟ್ಟಿತು, ಯಾರ ಹತ್ರಾನೋ ಬಾಡಿಗೆಗೆ ತಂದ ಚಿಕ್ಕ ವಿಮಾನ ಬಂತು. ಸೀಟು ಕಮ್ಮಿ, ಜನ ಜಾಸ್ತಿ. ಕೆಲವರು ಉಳೀಲೇಬೇಕು. ಯಾರು ಉಳೀಬೇಕು ಅನ್ನೋದನ್ನ ಗ್ಯಾಟ್ವಿಕ್ ಆಫೀಸು ತೀರ್ಮಾನ ಮಾಡುತ್ತೆ. ಹೆಸರುಗಳು ಅಲ್ಲಿಂದಲೇ ಬಂದ್ವು. ನಾನು ಓದಿದೆ, ಅಷ್ಟೇ. ನನ್ನದು ಬರೀ ಬಾಯಿ ಕಣಯ್ಯಾ, ಕೌಂಟರ್ ಹಿಂದೆ ನಿಲ್ಲಿಸಿರೋ ಬಾಯಿ!

ಅದು ಹೋಗಲಿ, ನೀನು ಯಾಕೆ ಹೇಳಲಿಲ್ಲ? ಹ್ಞಾಂ? ‘ಏನೋ ಶೇಷ, ದಿಢೀರಂತ ಮೈಸೂರಿಗೆ?’ ಅಂತ ಬಾಯಿ ಬಿಟ್ಟು ಕೇಳ್ದೆ. ಏನಂದೆ ನೀನು? ‘ಸುಮ್ನೆ, ಅಪ್ಪನ್ನ ನೋಡ್ಕೊಂಡು ಬರೋಣ ಅಂತ.’ ಸುಮ್ನೆ! ಹೊರಟು ನಿಂತಾಗ ಅಪಶಕುನದ ಮಾತು ಆಡಬಾರದು ಅನ್ನೋದು ನಮ್ಮ ಜನಕ್ಕೆ ದೊಡ್ಡ ಶಾಸ್ತ್ರ. ಅಪ್ಪ ಆಸ್ಪತ್ರೆಯಲ್ಲಿ ಇವತ್ತೋ ನಾಳೆಯೋ ಅಂತಿದ್ರೂ ‘ಸುಮ್ನೆ’! ಪಕ್ಕದ ಸಾಲಲ್ಲಿದ್ದ ಬಿಳೀ ಹೆಂಗಸು, ಮನೇಲಿ ಬೆಕ್ಕಿಗೆ ಹುಷಾರಿಲ್ಲ ಅಂತ ಕೌಂಟರ್ ಗುದ್ದಿ ಗುದ್ದಿ ಕಿರುಚಿದಳು. ಬೆಕ್ಕಿಗೆ ಕಣೋ! ನೀನೇನು ಮಾಡ್ದೆ? ಹೆಸರು ಕರೆದ ತಕ್ಷಣ ಸೂಟ್‌ಕೇಸ್ ಎತ್ಕೊಂಡು ಪಕ್ಕಕ್ಕೆ ಸರಿದೆ. ಬಾಯಿ ಬಿಡದೇ ಇರೋನ ಮನಸ್ಸಲ್ಲಿ ಏನಿದೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು? ನಾನೇನು ಜ್ಯೋತಿಷಿಯಾ? ಒಂದು ಮಾತು ಹೇಳಿದ್ದಿದ್ರೆ ಪೈಲಟ್ ಕಾಲು ಹಿಡಿದಾದ್ರೂ ಹತ್ತಿಸ್ತಿದ್ದೆ. ಒಂದು ಮಾತು!

ಚಾರ್ಟರ್ ಟಿಕೆಟ್ಟನ್ನ ಬೇರೆ ಏರ್ಲೈನ್‌ನವರು ಮೂಸಿ ಕೂಡ ನೋಡಲ್ಲ. ಅದೂ ನನ್ನ ತಪ್ಪಾ? ನೀನು ಬೇರೆ ಟಿಕೆಟ್ ಹುಡುಕಿ ಹೊರಟು ಊರು ಮುಟ್ಟೋ ಹೊತ್ತಿಗೆ ನಿಮ್ಮ ಚಿಕ್ಕಪ್ಪನ ಮಗ ಜಯರಾಮ್ ಕೊಳ್ಳಿ ಇಟ್ಟಾಗಿತ್ತು. ಒಬ್ಬನೇ ಮಗ ನೀನು, ಮುಖ ನೋಡೋಕೂ ಆಗಲಿಲ್ಲ. ನನಗೂ ಸಂಕಟ ಆಯ್ತು ಕಣೋ! ಮೈಸೂರಿನ ಲಕ್ಷ್ಮೀಪುರಂನಲ್ಲಿ ನಿಮ್ಮ ಮನೆ ಅನ್ನ ತಿಂದು ಓದಿದೋನು ನಾನು. ಆದ್ರೆ ಸಂಕಟ ಬೇರೆ, ತಪ್ಪು ಬೇರೆ. ಅದನ್ನ ಒಪ್ಕೋ ಮೊದಲು.

ಹಾಗೆ ಗೋಡೆ ನೋಡ್ಬೇಡ... ಏನು? ಫೋನಾ? ಅಲ್ಲೇ, ಫ್ರಿಜ್ ಪಕ್ಕ... ಮಾಡ್ತೀಯಾ? ನಿಜವಾಗ್ಲೂ? ಶೇಷಾ! ನನಗೆ ಗೊತ್ತಿತ್ತು, ನೀನು ನನ್ನ ಕೈ ಬಿಡಲ್ಲ ಅಂತ. ‘ನಾನೇ ಹೇಳಿರಲಿಲ್ಲ, ಪಾಪ ಅವನಿಗೆ ಗೊತ್ತಿರಲಿಲ್ಲ’ ಅನ್ನು, ಅಷ್ಟು ಸಾಕು. ನಿಜಾನೇ ತಾನೇ ಅದು? ನಂಬರು ಕ್ಯಾಲೆಂಡರ್ ಮೇಲಿದೆ, ಒತ್ತು... ಅಯ್ಯೋ ಮಾರಾಯ, ಇಷ್ಟು ದಿನ ನಿನ್ನ ಹೆಸರೆತ್ತಿದ್ರೆ ಮೈಯೆಲ್ಲ ಉರೀತಿತ್ತು. ನನಗೇನು ನಿನ್ನ ಮೇಲೆ ಪ್ರೀತಿ ಇಲ್ವಾ? ಅವತ್ತೂ ನಿನಗೋಸ್ಕರ ರೂಲ್ಸ್ ಮುರಿದೆ ಗೊತ್ತಾ! ಚಿಕ್ಕ ವಿಮಾನದ ಸುದ್ದಿ ಬರೋಕೆ ಮುಂಚೆ, ನನ್ನ ಹತ್ರ ಕೈಚೀಲ ಬಿಟ್ಟು ಬಾತ್‌ರೂಮಿಗೆ ಹೋದೆಯಲ್ಲ, ಆಗ ತೂಕಕ್ಕಿಟ್ರೆ ಜಾಸ್ತಿ ಬಂತು. ನಮ್ಮಲ್ಲಿ ಒಂದು ತೆಂಗಿನಕಾಯಿಯಷ್ಟು ಜಾಸ್ತಿ ಇದ್ರೂ ತೆಗೆಸ್ತೀವಿ. ನಿನ್ನ ಹತ್ರ ತೆಗೆಸಿದ್ನಾ? ನಾನೇ ಬಿಚ್ಚಿ ನೋಡ್ದೆ. ಪಂಚೆಯಲ್ಲಿ ಸುತ್ತಿದ್ದ ಗಂಗೆ ಗಿಂಡಿ, ಬಾಯಿಗೆ ಬೆಸುಗೆ ಹಾಕಿದ್ದು, ನಿಮ್ಮಪ್ಪ ಕಾಶಿಯಿಂದ ತಂದು ನಿನಗೆ ಕೊಟ್ಟಿದ್ದು. ಕಣ್ಣಿಗೊತ್ತಿಕೊಂಡು ಹೇಗಿತ್ತೋ ಹಾಗೇ ಸುತ್ತಿ ಒಳಗಿಟ್ಟು...

ಯಾಕೆ ನಿಲ್ಲಿಸ್ದೆ? ಒತ್ತು, ಇನ್ನೂ ಎರಡು ನಂಬರ್ ಇದೆ.

ರಿಸೀವರ್ ಯಾಕೆ ಇಟ್ಟೆ?

ಏನು ಹಾಗೆ ನೋಡ್ತೀಯ... ಗಿಂಡಿ ಅಂದ್ನಾ ನಾನು? ಗಿಂಡಿ ಎಲ್ಲರ ಮನೇಲೂ ಇರುತ್ತೆ. ದೇವರ ಮುಂದೆ ಇಡೋಕೆ ತಗೊಂಡು ಹೋಗ್ತಿದ್ದಾನೆ ಅಂದ್ಕೊಂಡೆ. ಅಂದ್ಕೋಬಾರದಾ? ...ಅದರ ಬೆಸುಗೆ ಯಾವಾಗ ಬಿಚ್ಚೋದು ಅಂತ ನನಗೂ ಗೊತ್ತು. ಸಾಯೋರ ಬಾಯಿಗೆ ನೀರು ಬಿಡೋವಾಗ. ಗೊತ್ತು! ಯಾರಿಗೆ ಗೊತ್ತಿಲ್ಲ? ಆದ್ರೆ ನೀನು ಬಾಯಿ ಬಿಟ್ಟು... ನೀನು ಹೇಳಲಿಲ್ಲ...

ಊರ್ಮಿಳಾ, ಒಳಗಿರು ಅಂದೆನಲ್ಲ! ನೀನ್ಯಾಕೆ ಸೆರಗು ಬಾಯಿಗೊತ್ಕೊಂಡು ನಿಂತಿದ್ದೀಯ? ಹೋಗು!

ಗ್ಯಾಟ್ವಿಕ್... ಗ್ಯಾಟ್ವಿಕ್‌ನವರು ಎಷ್ಟು ಜನ ಅಂತ ಹೇಳ್ತಾರೆ, ಅಷ್ಟೇ. ಹೆಸರು ಇಲ್ಲಿಯವರೇ... ನನ್ನ ಜಾಗದಲ್ಲಿ ನಿಂತು ನೋಡು! ಆ ಬೆಕ್ಕಿನ ಹೆಂಗಸನ್ನ ಹತ್ತಿಸದೆ ಇಲ್ಲೇ ಬಿಟ್ಟಿದ್ರೆ ಕೋರ್ಟು, ಪೇಪರು, ಮಾರನೇ ದಿನ ನಾನು ಬೀದೀಲಿ. ಅವಳನ್ನ ಹತ್ತಿಸಿದೆ. ಶೇಷಗಿರಿ ನಮ್ಮೋನು, ಅಡ್ಜಸ್ಟ್ ಮಾಡ್ಕೋತಾನೆ, ಗಲಾಟೆ ಮಾಡಲ್ಲ ಅಂತ...

ಎಲ್ಲಿಗೆ? ಶೂ ಯಾಕೆ ಹಾಕ್ಕೋತೀಯ? ಇರೋ! ಆ ಕಾಫಿ ತಗೊಂಡು ನನ್ನ ಮುಖಕ್ಕೆ ಎರಚು. ಬೈಯಿ. ಕೂಟದವರಿಗೆಲ್ಲ ಹೇಳು, ಹೋಗು, ಹೇಗೂ ಹೇಳಿದ್ದೀಯಲ್ಲ... ಹೇಳಿಲ್ವಾ? ನಿಜವಾಗ್ಲೂ ಯಾರಿಗೂ ಹೇಳಿಲ್ವೇನೋ?

ಶೇಷಾ... ಬಾಗಿಲು ಹಾಗೆ ಮೆತ್ತಗೆ ಎಳ್ಕೋಬೇಡವೋ. ನಿನ್ನ ಕಾಲಿಗೆ ಬೀಳ್ತೀನಿ, ಒಂದು ಸಲ ಜೋರಾಗಿ ಬಡಿದು ಹೋಗು!